ಬಣ್ಣ ಕಳಚಿಟ್ಟ ದೇಶ: ಥಾಯ್ ದೊರೆ ತೀರಿಕೊಂಡಾಗ ಜನ ಅಷ್ಟು ಅತ್ತದ್ದೇಕೆ?

ಬ್ಯಾಂಕಾಕಿನ ಬೀದಿಬದಿಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕಪ್ಪು ನೀರು ಕುದಿಯುತ್ತಿತ್ತು. ಜನ ಮನೆಯಿಂದ ತಂದ ಅಂಗಿಗಳನ್ನು ಅದಕ್ಕೆ ಹಾಕಿ, ಕೋಲಿನಿಂದ ತಿರುವಿ, ಹಿಂಡಿ, ತಂತಿಯ ಮೇಲೆ ಒಣಹಾಕುತ್ತಿದ್ದರು. ಹೋಗುವಾಗ ಹಳದಿಯೋ ಗುಲಾಬಿಯೋ ಆಗಿದ್ದ ಬಟ್ಟೆ ಬರುವಾಗ ಕಪ್ಪು. 2016ರ ಅಕ್ಟೋಬರ್ ಮಧ್ಯದಲ್ಲಿ ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದುಹೋಗಿತ್ತು. ಸಿಕ್ಕ ಕಡೆ ಬೆಲೆ ಏರಿತ್ತು, ಏರಿಸಿದವರಿಗೆ ಸರ್ಕಾರ ಎಚ್ಚರಿಕೆ ಕೊಟ್ಟಿತ್ತು. ಹಾಗಾಗಿ ಕಾಲೇಜು ಹುಡುಗರು, ಸ್ವಯಂಸೇವಕರು ಪುಕ್ಕಟೆಯಾಗಿ ಬಣ್ಣ ಅದ್ದಿಕೊಡಲು ನಿಂತರು.

ಆ ಪಾತ್ರೆಗೆ ಬಿದ್ದ ಅಂಗಿಗಳಿಗೂ ಒಂದು ಕತೆಯಿದೆ. ದೊರೆ ಭೂಮಿಬೋಲ್ ಅದುಲ್ಯದೇಜ್ ಹುಟ್ಟಿದ್ದು ಸೋಮವಾರ. ಥಾಯ್ ಜನ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣ ಹೇಳುತ್ತಾರೆ, ಸೋಮವಾರದ್ದು ಹಳದಿ. 2006ರಲ್ಲಿ ಅವರು ಪಟ್ಟಕ್ಕೆ ಬಂದು 60 ವರ್ಷ ತುಂಬಿದಾಗ ಲಕ್ಷಾಂತರ ಜನ ಹಳದಿ ಅಂಗಿ ತೊಟ್ಟು ರಸ್ತೆಗೆ ಬಂದಿದ್ದರು. ಮರುವರ್ಷ ಆಸ್ಪತ್ರೆಯಿಂದ ಹೊರಬರುವಾಗ ದೊರೆ ಗುಲಾಬಿ ಬಣ್ಣದ ಕೋಟು ಹಾಕಿದ್ದರು ಎಂಬ ಒಂದೇ ಕಾರಣಕ್ಕೆ ಗುಲಾಬಿ ಅವರ ಆರೋಗ್ಯದ ಬಣ್ಣವಾಯಿತು. 2016ರ ಅಕ್ಟೋಬರ್‌ನಲ್ಲಿ ಸಿರಿರಾಜ್ ಆಸ್ಪತ್ರೆಯ ಅಂಗಳದಲ್ಲಿ ದೊರೆಯ ಪಟ ಹಿಡಿದು ಪ್ರಾರ್ಥಿಸುತ್ತಿದ್ದವರು ತೊಟ್ಟಿದ್ದದ್ದು ಗುಲಾಬಿಯೇ. 13ರ ಗುರುವಾರ ಸಂಜೆ ಏಳರ ಸುಮಾರಿಗೆ ಟಿವಿಯಲ್ಲಿ ಸುದ್ದಿ ಬಂತು. ಅಂಗಳದಲ್ಲಿ ಕೂತವರು ಅಲ್ಲೇ ಕುಸಿದು ಅತ್ತರು. ಮಾರನೆಯ ದಿನದಿಂದ ಊರಿಗೆ ಊರೇ ಕಪ್ಪು.

ಅವರಿಗೆ 88 ವರ್ಷವಾಗಿತ್ತು. 1946ರ ಜೂನ್ 9ರಂದು ಪಟ್ಟಕ್ಕೆ ಬಂದು 70 ವರ್ಷ ದೊರೆಯಾಗಿದ್ದರು. ದೇಶದ ಬಹುಪಾಲು ಜನ ಬೇರೊಬ್ಬ ದೊರೆಯನ್ನು ಕಂಡೇ ಇರಲಿಲ್ಲ.

ಹೊರಗಿನವರು ಆ ಅಳುವನ್ನು ಎರಡು ರೀತಿ ಓದಿದರು. ಇದು ಕಲ್ಮಶವಿಲ್ಲದ ಪ್ರೀತಿ ಎಂದರು ಕೆಲವರು. ಕಾನೂನಿಗೆ ಹೆದರಿ ಆಡಿದ ನಾಟಕ ಎಂದರು ಇನ್ನು ಕೆಲವರು. ಎರಡರಲ್ಲೂ ಸತ್ಯದ ತುಣುಕಿದೆ, ಎರಡೂ ಸಾಲದು. ದೀರ್ಘಕಾಲ ಆಳಿದ ದೊರೆ ಸತ್ತಾಗ ಬೀದಿಯಲ್ಲಿ ಕಾಣುವ ದುಃಖ ಹಲವು ಪದರಗಳದ್ದು. ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಹೆಸರಲ್ಲೇ ಇರುವ ನಂಬಿಕೆ

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಥಾಯ್ ಅರಮನೆಯ ಭಾಷೆಯ ಅರ್ಧದಷ್ಟು ನಮಗೆ ಆಗಲೇ ಗೊತ್ತು, ಉಚ್ಚಾರ ಬೇರೆಯಾದ್ದರಿಂದ ಗುರುತು ಸಿಗುವುದಿಲ್ಲ ಅಷ್ಟೆ. ಭೂಮಿಬೋಲ್ ಅದುಲ್ಯದೇಜ್ ಎಂದರೆ ಭೂಮಿಬಲ ಅತುಲ್ಯತೇಜ. ಸಿರಿರಾಜ್ ಎಂದರೆ ಶ್ರೀರಾಜ. ಈ ವಂಶದ ದೊರೆಗಳನ್ನು ರಾಮ ಎಂಬ ಹೆಸರಿನಿಂದ ಎಣಿಸುತ್ತಾರೆ, ಇವರು ಒಂಬತ್ತನೆಯ ರಾಮ. ದೊರೆ ಸತ್ತ ಎನ್ನಲು ಅವರು ಬಳಸುವ ಮಾತು ‘ಸವನ್‌ಖೋತ್’, ಅಂದರೆ ಸ್ವರ್ಗಗತ. ಸಾಮಾನ್ಯರ ಸಾವಿಗೆ ಆ ಪದ ಇಲ್ಲ.

ಪದದ ಜೊತೆ ಭಾವವೂ ಬಂದಿದೆ. ಥಾಯ್ ಬೌದ್ಧ ಕಲ್ಪನೆಯಲ್ಲಿ ಒಳ್ಳೆಯ ದೊರೆ ಧರ್ಮರಾಜ. ದಾನ, ಶೀಲ, ತ್ಯಾಗದಿಂದ ಮೊದಲಾಗುವ ಹತ್ತು ರಾಜಧರ್ಮಗಳನ್ನು ಪಾಲಿಸುವವನು. ಜನ್ಮಜನ್ಮಾಂತರದ ಪುಣ್ಯದಿಂದ ಅವನಲ್ಲಿ ‘ಬರಮಿ’ ಕೂಡಿರುತ್ತದೆ. ಬೌದ್ಧರ ಪಾರಮಿ ಎಂಬ ಮಾತೇ ಅದು. ಆ ಪುಣ್ಯದ ನೆರಳಲ್ಲಿ ದೇಶ ತಣ್ಣಗಿರುತ್ತದೆ ಎಂದು ಜನ ನಂಬುತ್ತಾರೆ. ಅಂಥವನು ಹೋದರೆ ತಲೆಯ ಮೇಲಿನ ಮಾಡೇ ಹೋದಂತೆ. ಆಸ್ಪತ್ರೆ ಅಂಗಳದಲ್ಲಿ ಅತ್ತವರ ಅಳುವಿನಲ್ಲಿ ಒಬ್ಬ ಮುದುಕನ ಸಾವಿನ ನೋವಿನ ಜೊತೆ ‘ಇನ್ನು ನಮಗ್ಯಾರು’ ಎಂಬ ದಿಗಿಲೂ ಸೇರಿತ್ತು.

ಆದರೆ ನಂಬಿಕೆಯೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಈ ನಂಬಿಕೆ ಹಳೆಯದು, ಆದರೂ 1946ರಲ್ಲಿ ಥಾಯ್ ಅರಸೊತ್ತಿಗೆ ತೀರಾ ಬಡಕಲಾಗಿತ್ತು. 1932ರ ಕ್ರಾಂತಿ ದೊರೆಯ ಪೂರ್ಣಾಧಿಕಾರವನ್ನು ಕಿತ್ತುಕೊಂಡಿತ್ತು. ಭೂಮಿಬೋಲ್ ಅವರ ಅಣ್ಣ, ದೊರೆ ಆನಂದ ಮಹಿದೋಲ್, ಅರಮನೆಯೊಳಗೇ ಗುಂಡೇಟಿಗೆ ಬಲಿಯಾದ ದಿನವೇ ಹದಿನೆಂಟರ ಹುಡುಗ ಪಟ್ಟಕ್ಕೆ ಬಂದದ್ದು. ಅಂದು ಆ ಹುಡುಗನಿಗಾಗಿ ದೇಶ ಹೀಗೆ ಅಳಬಹುದೆಂದು ಯಾರೂ ಊಹಿಸಿರಲಾರರು. ಹಾಗಾದರೆ ನಡುವಿನ 70 ವರ್ಷಗಳಲ್ಲಿ ಏನಾಯಿತು?

ಬಾಡಿದ ತಾವರೆ ಮತ್ತು ರಾತ್ರಿ ಎಂಟರ ಸುದ್ದಿ

ಥಾಯ್ಲೆಂಡಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಛಾಯಾಚಿತ್ರವಿದೆ. 1955ರ ನವೆಂಬರ್, ಈಶಾನ್ಯದ ಬಡ ಪ್ರಾಂತ್ಯ ನಖೋನ್ ಫನೋಮ್. 102 ವರ್ಷದ ಅಜ್ಜಿಯೊಬ್ಬಳು ದೊರೆಗೆ ಕೊಡಬೇಕೆಂದು ತಾವರೆ ಹೂ ಹಿಡಿದು ಬಿಸಿಲಲ್ಲಿ ಕಾದಿದ್ದಾಳೆ. ದೊರೆ ಬರುವಷ್ಟರಲ್ಲಿ ಹೂ ಬಾಡಿ ಜೋತುಬಿದ್ದಿವೆ. ಆಕೆ ಬಾಡಿದ ಹೂಗಳನ್ನೇ ತಲೆಯ ಮೇಲೆತ್ತಿ ಕೊಡುತ್ತಾಳೆ, ಎತ್ತರದ ಯುವಕ ದೊರೆ ಪೂರ್ತಿ ಬಗ್ಗಿ, ಮುಖ ಅವಳ ತಲೆಯ ಹತ್ತಿರ ತಂದು ನಗುತ್ತಾನೆ. ಇಬ್ಬರದೂ ನಿಜವಾದ ನಗು. ಈ ಚಿತ್ರ ಎಷ್ಟು ಸಲ ನೋಡಿದರೂ ನನಗೆ ಆ ಬಗ್ಗಿದ ಬೆನ್ನಿನ ಮೇಲೇ ಕಣ್ಣು ನಿಲ್ಲುತ್ತದೆ. ದೊರೆಯ ಮುಖ ನೋಡಲೂ ಅಂಜುತ್ತಿದ್ದ ನಾಡಿನಲ್ಲಿ ದೊರೆಯೇ ಪ್ರಜೆಯ ಮಟ್ಟಕ್ಕೆ ಬಗ್ಗಿದ್ದ.

ಅದು ಒಂದು ದಿನದ ಮಾತಾಗಿರಲಿಲ್ಲ. ಮುಂದೆ ದಶಕಗಳ ಕಾಲ ಅವರು ಹಳ್ಳಿ ಸುತ್ತಿದರು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಮಡಿಚಿದ ನಕಾಶೆ, ಮೂಗಿನ ತುದಿಯಲ್ಲಿ ಬೆವರ ಹನಿ. ಇದು ಅಲ್ಲಿನ ಮನೆಮನೆಯ ಗೋಡೆಯ ಮೇಲಿರುವ ದೊರೆಯ ರೂಪ. ಉತ್ತರದ ಬೆಟ್ಟಗಳಲ್ಲಿ ಅಫೀಮು ಬೆಳೆಯುತ್ತಿದ್ದವರಿಗೆ ಬೇರೆ ಬೆಳೆ ಹಿಡಿಸುವ ಕೆಲಸ 1969ರಲ್ಲಿ ಶುರುವಾಯಿತು. ಕೆರೆ, ಅಣೆಕಟ್ಟು, ಮೋಡ ಬಿತ್ತನೆ, ಕೊಳಕು ನೀರಿಗೆ ಗಾಳಿಯೂಡುವ ಯಂತ್ರ ಹೀಗೆ ನೀರಿಗೆ ಸಂಬಂಧಪಟ್ಟದ್ದೆಲ್ಲ ಅವರ ಆಸಕ್ತಿ. ನಮ್ಮ ಮಂಡ್ಯ ಸೀಮೆಯ ಮನೆಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪಟ ದೇವರ ಪಟಗಳ ಸಾಲಿನಲ್ಲೇ ಇರುವುದನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾಲ್ವಡಿಯವರು ತೀರಿಕೊಂಡದ್ದು 1940ರಲ್ಲಿ. ಆ ಪಟ ಇನ್ನೂ ಇಳಿದಿಲ್ಲ, ಏಕೆಂದರೆ ಕನ್ನಂಬಾಡಿಯ ನೀರು ಇನ್ನೂ ಗದ್ದೆಗೆ ಬರುತ್ತಿದೆ. ನೀರು ಕೊಟ್ಟವನನ್ನು ರೈತ ಮರೆಯುವುದಿಲ್ಲ.

ಹಾಗೆಂದು ಈ ರೂಪ ತಾನಾಗಿ ಮನೆಮನೆ ತಲುಪಲಿಲ್ಲ, ತಲುಪಿಸುವ ಏರ್ಪಾಡಿತ್ತು. 1957ರ ಸೇನಾ ದಂಗೆಯ ನಂತರ ಬಲಗೊಂಡ ಸೇನಾನಾಯಕ ಸರಿತ್ ಥನರತ್‌ಗೆ ತನ್ನ ಆಳ್ವಿಕೆಗೆ ಮಾನ ತಂದುಕೊಡುವ ದೊರೆ ಬೇಕಿತ್ತು. ಕಮ್ಯುನಿಸಂ ಹಬ್ಬದಂತೆ ತಡೆಯಲು ಹೊರಟಿದ್ದ ಅಮೆರಿಕಕ್ಕೂ ಬೇಕಿತ್ತು. ದೊರೆಯ ಪ್ರವಾಸಗಳು, ಮೆರವಣಿಗೆಗಳು, ಹುಟ್ಟುಹಬ್ಬ ಎಲ್ಲಕ್ಕೂ ಮತ್ತೆ ಕಳೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆ ಚುಲಾಲೊಂಗ್‌ಕೋರ್ನ್ ತಾವೇ ರದ್ದು ಮಾಡಿದ್ದ ಅಡ್ಡಬೀಳುವ ಪದ್ಧತಿ ಮರಳಿ ಬಂತು. ಟಿವಿ ಬಂದ ಮೇಲೆ ಪ್ರತಿ ರಾತ್ರಿ ಎಂಟರ ಹೊತ್ತಿಗೆ ಎಲ್ಲ ಚಾನೆಲ್‌ಗಳಲ್ಲೂ ಅರಮನೆಯ ಸುದ್ದಿ. ಸಿನಿಮಾ ಶುರುವಾಗುವ ಮುನ್ನ ರಾಜಗೀತೆ, ಎಲ್ಲರೂ ಎದ್ದು ನಿಲ್ಲಬೇಕು. ಡಿಸೆಂಬರ್ 5, ಅವರ ಹುಟ್ಟಿದ ದಿನ, ದೇಶಕ್ಕೆಲ್ಲ ಅಪ್ಪಂದಿರ ದಿನ. ಮಗು ಶಾಲೆಯಲ್ಲಿ ತನ್ನ ಅಪ್ಪನಿಗೆ ಹೂ ಕೊಡುವ ದಿನ ದೊರೆಗೂ ಕೊಡುತ್ತದೆ. ಇಪ್ಪತ್ತು ವರ್ಷ ಹೀಗೆ ಬೆಳೆದ ಮಗುವಿಗೆ ‘ಅಪ್ಪ’ ಎಂಬ ಮಾತು ಪ್ರಚಾರವಾಗಿ ಉಳಿದಿರುವುದಿಲ್ಲ, ಅದು ಅದರ ಬಾಲ್ಯವೇ ಆಗಿರುತ್ತದೆ.

ಇದನ್ನು ಗಮನಿಸದೆ ‘ಎಲ್ಲ ಪ್ರಚಾರದ ಫಲ’ ಎಂದು ತಳ್ಳಿಹಾಕುವುದು ಅನ್ಯಾಯ. ಕಟ್ಟಿದ ಚಿತ್ರದಿಂದಲೂ ನಿಜವಾದ ಅಕ್ಕರೆ ಹುಟ್ಟುತ್ತದೆ. ದೊರೆ ಸತ್ತ ಮೇಲೆ ಅಂಗಿಗಳ ಮೇಲೆ, ಗೋಡೆಗಳ ಮೇಲೆ ಒಂದೇ ಸಾಲು ಎಲ್ಲೆಲ್ಲೂ ಕಂಡಿತು: ‘ನಾನು ಒಂಬತ್ತನೆಯ ರಾಮನ ಕಾಲದಲ್ಲಿ ಹುಟ್ಟಿದವನು’. ಅದು ದೊರೆಯ ಕುರಿತ ಮಾತಾದಷ್ಟೇ ಹೇಳುವವನ ಕುರಿತ ಮಾತೂ ಹೌದು. ನನ್ನ ಮದುವೆ, ನನ್ನ ಮಕ್ಕಳು, ನನ್ನ ಅವ್ವನ ಸಾವು ಎಲ್ಲ ಆ ಪಟದ ಕೆಳಗೇ ನಡೆಯಿತು, ಈಗ ಆ ಕಾಲ ಮುಗಿಯಿತು ಎನ್ನುವ ಸಂಕಟ. 2022ರಲ್ಲಿ ಬ್ರಿಟನ್ನಿನ ಎರಡನೆಯ ಎಲಿಜಬೆತ್ 70 ವರ್ಷ ಆಳಿ ತೀರಿಕೊಂಡಾಗ ಲಂಡನ್ನಿನ ಥೇಮ್ಸ್ ದಂಡೆಯುದ್ದಕ್ಕೂ ಮೈಲುಗಟ್ಟಲೆ ಸಾಲು ನಿಂತವರಲ್ಲೂ ಬಹಳ ಜನ ತಮ್ಮ ತಂದೆ ತಾಯಿಯನ್ನೇ ನೆನೆಯುತ್ತಿದ್ದರು. ದೀರ್ಘಾಯುಷಿ ದೊರೆ ಜನರ ಬದುಕಿನ ಕ್ಯಾಲೆಂಡರ್ ಆಗಿಬಿಡುತ್ತಾನೆ.

ಕಪ್ಪು ತೊಡದಿದ್ದರೆ?

ಇನ್ನು ಭಯದ ಪದರ. ಥಾಯ್ ದಂಡಸಂಹಿತೆಯ 112ನೆಯ ಕಲಮಿನ ಪ್ರಕಾರ ದೊರೆ, ರಾಣಿ, ಯುವರಾಜ ಅಥವಾ ರಾಜಪ್ರತಿನಿಧಿಯನ್ನು ಅವಮಾನಿಸಿದರೆ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ದೂರನ್ನು ಯಾರು ಬೇಕಾದರೂ ಕೊಡಬಹುದು. ಆಡಿದ ಮಾತನ್ನು ಮತ್ತೊಬ್ಬರು ಉಚ್ಚರಿಸಿದರೆ ಅದೂ ಅಪರಾಧವಾದೀತು, ಆದ್ದರಿಂದ ಯಾರ ಮೇಲೆ ಏಕೆ ಕೇಸಾಯಿತು ಎಂಬುದನ್ನು ಪತ್ರಿಕೆಗಳು ಬಿಡಿಸಿ ಬರೆಯುವುದಿಲ್ಲ. 2014ರ ದಂಗೆಯ ನಂತರ ಸೇನೆಯ ಸರ್ಕಾರ ಈ ಕಾನೂನನ್ನು ಇನ್ನೂ ಬಿಗಿಯಾಗಿ ಬಳಸುತ್ತಿತ್ತು.

ಸರ್ಕಾರಿ ನೌಕರರಿಗೆ ಒಂದು ವರ್ಷದ ಶೋಕ ಕಡ್ಡಾಯವಾಯಿತು. ಜನಸಾಮಾನ್ಯರು 30 ದಿನ ಮನರಂಜನೆ ಬಿಡಬೇಕೆಂದು ಕೋರಲಾಯಿತು. ಟಿವಿಯ ಪರದೆ, ವೆಬ್‌ಸೈಟ್‌ಗಳು ಬಣ್ಣ ಕಳೆದುಕೊಂಡು ಬೂದಿಯಾದವು. ಪ್ರವಾಸಿಗರು ಸೇರುವ ಕೋ ಫಂಗನ್ ದ್ವೀಪದ ಹುಣ್ಣಿಮೆ ಪಾರ್ಟಿ ರದ್ದಾಯಿತು. ನವೆಂಬರ್ 15ರಂದು ಬ್ಯಾಂಕಾಕಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ವಿಶ್ವಕಪ್ ಅರ್ಹತಾ ಫುಟ್‌ಬಾಲ್ ಪಂದ್ಯಕ್ಕೆ ಬರುವವರಿಗೆ ಹಾಡು, ಘೋಷಣೆ, ಡೋಲು ಬೇಡವೆಂದು ಹೇಳಿದ್ದರು.

ಕಾನೂನಿಗಿಂತ ಮುಂದೆ ಓಡಿದವರು ಜನ. ಕಪ್ಪು ತೊಡದವರ ಫೋಟೋ ತೆಗೆದು ಜಾಲತಾಣದಲ್ಲಿ ಹಾಕಿ ಬೈದರು. ಫುಕೆಟ್‌ನಲ್ಲಿ ದೊರೆಯನ್ನು ಅವಮಾನಿಸಿದನೆಂಬ ಅನುಮಾನದ ಮೇಲೆ ಒಬ್ಬನ ಮನೆಯವರ ಅಂಗಡಿಯ ಮುಂದೆ ನೂರಾರು ಜನ ಮುತ್ತಿಗೆ ಹಾಕಿದರು. ಕೋ ಸಮುಯಿ ದ್ವೀಪದಲ್ಲಿ ಒಬ್ಬ ಹೆಂಗಸನ್ನು ಪೊಲೀಸ್ ಠಾಣೆಯ ಮುಂದೆ, ಕೂಗಾಡುವ ಗುಂಪಿನ ಎದುರು, ದೊರೆಯ ಪಟಕ್ಕೆ ಅಡ್ಡಬೀಳಿಸಿದರು. ಇಂಥವರಿಗೆ ಸಮಾಜವೇ ಶಿಕ್ಷೆ ಕೊಡುವುದು ಒಳ್ಳೆಯದು ಎಂದು ನ್ಯಾಯಖಾತೆಯ ಸಚಿವರೇ ಅಂದದ್ದು ಬೆಂಕಿಗೆ ತುಪ್ಪವಾಯಿತು. ಕೊನೆಗೆ ಸರ್ಕಾರವೇ ಸಮಾಧಾನ ಹೇಳಬೇಕಾಯಿತು: ಎಲ್ಲರ ಹತ್ತಿರವೂ ಕಪ್ಪು ಬಟ್ಟೆ ಕೊಳ್ಳಲು ದುಡ್ಡಿರುವುದಿಲ್ಲ, ಒಂದು ಕಪ್ಪು ರಿಬ್ಬನ್ ಕಟ್ಟಿಕೊಂಡರೂ ಸಾಕು.

ಆ ಅಡ್ಡಬಿದ್ದ ಹೆಂಗಸಿನ ದೃಶ್ಯ ನನಗೆ ತಾವರೆಯ ಅಜ್ಜಿಯ ಚಿತ್ರದಷ್ಟೇ ಮುಖ್ಯ. ಒಂದರಲ್ಲಿ ದೊರೆ ಬಗ್ಗಿದ, ಇನ್ನೊಂದರಲ್ಲಿ ಅವನ ಹೆಸರಿನಲ್ಲಿ ಪ್ರಜೆಯನ್ನು ಬಗ್ಗಿಸಿದರು. ಒಂದೇ ದೇಶ, ಒಂದೇ ದೊರೆಯ ಮೇಲಿನ ಭಕ್ತಿ. ದುಃಖ ಉಕ್ಕಿದಾಗ ಅದಕ್ಕೆ ಒಬ್ಬ ತಪ್ಪಿತಸ್ಥ ಬೇಕೆನಿಸುತ್ತದೆ. ಸಾವಿಗೆ ತಪ್ಪಿತಸ್ಥನಿಲ್ಲದಿದ್ದರೆ ಅಳದವನೇ ತಪ್ಪಿತಸ್ಥ.

ಹೀಗಿರುವಾಗ ಅಳು ಎಷ್ಟು ನಿಜ, ಎಷ್ಟು ಭಯ ಎಂದು ಅಳೆಯುವುದು ಹೇಗೆ? ಬೇಡವೆನ್ನಲು ಬಿಡದ ಜಾಗದಲ್ಲಿ ಬೇಕೆಂದವರ ತಲೆ ಎಣಿಸಿ ಪ್ರಯೋಜನವಿಲ್ಲ. ಕಪ್ಪು ಅಂಗಿಯಿಂದ ಏನೂ ತಿಳಿಯದು. ಆದರೆ ಯಾರೂ ಹೇಳದಿದ್ದರೂ ಜನ ಮಾಡಿದ ಕೆಲಸಗಳಿಂದ ಒಂದಿಷ್ಟು ತಿಳಿಯುತ್ತದೆ.

ಸನಾಮ್ ಲುವಾಂಗ್

ಸನಾಮ್ ಲುವಾಂಗ್ ಎಂದರೆ ಅರಮನೆಯ ಪಕ್ಕದ ದೊಡ್ಡ ಬಯಲು. ಅದರ ಹಳೆಯ ಹೆಸರು ಮೇರುವಿನ ಬಯಲು. ದೊರೆಗಳ ದಹನ ನಡೆಯುವುದು ಅಲ್ಲೇ. ಅರಮನೆಯ ದುಸಿತ್ ಮಹಾಪ್ರಾಸಾದದಲ್ಲಿ ದೊರೆಯ ಶರೀರವನ್ನಿಟ್ಟಿದ್ದರು. ಹಿಂದೆ ಶರೀರವನ್ನು ಕೂತ ಭಂಗಿಯಲ್ಲಿ ಚಿನ್ನದ ಕರಂಡದಲ್ಲಿ ಇಡುತ್ತಿದ್ದರು, ಅದನ್ನು ‘ಕೋತ್’ ಎನ್ನುತ್ತಾರೆ, ನಮ್ಮ ಕೋಶವೇ. ಈ ಸಲ ಶರೀರ ಪೆಟ್ಟಿಗೆಯಲ್ಲಿತ್ತು, ಕೋಶ ಸಂಕೇತಕ್ಕೆ ಮಾತ್ರ. 2016ರ ಅಕ್ಟೋಬರ್ 29ರಿಂದ ಮರುವರ್ಷದ ಅಕ್ಟೋಬರ್ 5ರವರೆಗೆ ಅದರ ಮುಂದೆ ಹಾದುಹೋದವರು 1.27 ಕೋಟಿಗೂ ಹೆಚ್ಚು. ದೇಶದ ಜನಸಂಖ್ಯೆಯೇ 7 ಕೋಟಿಯೊಳಗೆ.

ಅಂಕಿಗಿಂತ ಆ ಸಾಲಿನ ದಿನಚರಿಯೇ ಹೆಚ್ಚು ಹೇಳುತ್ತದೆ. ದೂರದ ಪ್ರಾಂತ್ಯಗಳಿಂದ ರಾತ್ರಿ ಬಸ್ಸು ಹತ್ತಿ ನಸುಕಿಗೆ ಬಂದಿಳಿಯುತ್ತಿದ್ದರು. ಹೆಂಗಸರು ಮೊಣಕಾಲು ಮುಚ್ಚುವ ಲಂಗ ಉಡಬೇಕು, ಪ್ಯಾಂಟು ಸಲ್ಲದು. ಬಿಸಿಲಲ್ಲಿ ಗಂಟೆಗಟ್ಟಲೆ ಕಾದು ಒಳಗೆ ಹೋದರೆ ಸಾಲಾಗಿ ಕೂತು ನೆಲಕ್ಕೆ ಹಣೆ ಹಚ್ಚಿ ಏಳುವಷ್ಟೇ ಹೊತ್ತು. ಹೊರಗೆ ಬಯಲಿನ ತುಂಬ ಡೇರೆಗಳು: ಅನ್ನ, ನೂಡಲ್ಸ್, ನೀರು, ಬೀಸಣಿಗೆ, ತಲೆಸುತ್ತಿಗೆ ಮೂಸುವ ಔಷಧಿ, ಎಲ್ಲ ಪುಕ್ಕಟೆ. ಬೈಕ್ ಟ್ಯಾಕ್ಸಿಯವರು ಕಾಸು ತೆಗೆದುಕೊಳ್ಳದೆ ಜನರನ್ನು ಕರೆತಂದರು. ಇಂಥ ಸೇವೆಗೆ ಅವರ ಮಾತು ‘ಚಿತ್ ಆಸಾ’. ನಮ್ಮ ಚಿತ್ತವೇ ಅದರೊಳಗಿದೆ. ಸತ್ತವರ ಹೆಸರಲ್ಲಿ ಉಣಿಸಿದರೆ ಪುಣ್ಯ ಅವರಿಗೆ ಸಲ್ಲುತ್ತದೆ ಎಂಬ ಬೌದ್ಧ ನಂಬಿಕೆ ಇದರ ಹಿಂದಿದೆ. ನಮ್ಮಲ್ಲಿ ತಿಥಿಯ ದಿನ ಊರಿಗೆ ಅನ್ನ ಹಾಕುವುದೂ ಅದೇ ಭಾವ. ಹೆದರಿದವನು ಕಪ್ಪು ಅಂಗಿ ತೊಟ್ಟು ಮನೆಯಲ್ಲಿರುತ್ತಾನೆ. ವರ್ಷವಿಡೀ ಅಪರಿಚಿತರಿಗೆ ಅನ್ನ ಬಡಿಸಲು ಹೆದರಿಕೆ ಸಾಲದು.

ಶೋಕಕ್ಕೆ ಕೈಕೆಲಸವೂ ಇತ್ತು. ಥಾಯ್ ದಹನಕ್ಕೆ ಬಂದವರು ಚಿತೆಗೆ ‘ದೋಕ್ ಮಾಯ್ ಚನ್’, ಅಂದರೆ ಚಂದನದ ಹೂ, ಹಾಕುತ್ತಾರೆ. ಹೆಸರು ಗಂಧದ್ದಾದರೂ ಮಾಡುವುದು ಈಗ ತೆಳು ಮರದ ಹಾಳೆ, ಕಾಗದ, ಜೋಳದ ಸಿಪ್ಪೆಗಳಿಂದ. 2017ರಲ್ಲಿ ಶಾಲೆ, ಕಚೇರಿ, ದೇವಸ್ಥಾನಗಳಲ್ಲಿ ಜನ ಕೂತು ಈ ಹೂಗಳನ್ನು ಕಟ್ಟಿದರು. ಅದರಲ್ಲೂ ಹೆಚ್ಚು ಕಟ್ಟಿದ್ದು ‘ದಾರಾರತ್’, ತಾರಾರತ್ನ ಎಂಬ ಚೆಂದದ ಹೆಸರಿನ ಡ್ಯಾಫೊಡಿಲ್. ಸ್ವಿಟ್ಜರ್ಲೆಂಡಿನಲ್ಲಿದ್ದ ದಿನಗಳಲ್ಲಿ ದೊರೆ ರಾಣಿ ಸಿರಿಕಿತ್‌ಗೆ ಕೊಡುತ್ತಿದ್ದ ಹೂ ಅದು ಎಂದು ಜನ ಹೇಳುತ್ತಾರೆ. ದಳ ಕತ್ತರಿಸಿ, ಮಡಿಚಿ, ತಂತಿಗೆ ಸುತ್ತಿ, ಒಂದಾದ ಮೇಲೊಂದು ನೂರಾರು. ಕೈಗೆ ಕೆಲಸ ಕೊಟ್ಟರೆ ದುಃಖ ಸ್ವಲ್ಪ ತಡೆದುಕೊಳ್ಳಲು ಬರುತ್ತದೆ ಎಂಬುದು ಸಾವಿನ ಮನೆಯಲ್ಲಿ ಅಡುಗೆಗೆ ನಿಂತ ಎಲ್ಲರಿಗೂ ಗೊತ್ತು.

2017ರ ಅಕ್ಟೋಬರ್ 26ರಂದು ದಹನ. ಬಯಲಿನ ನಡುವೆ ಒಂಬತ್ತು ಶಿಖರಗಳ, 50 ಮೀಟರ್ ಎತ್ತರದ ಚಿನ್ನದ ಬಣ್ಣದ ಮೇರು, ಅಂದರೆ ದಹನದ ಮಂಟಪ. ಸುತ್ತ ಶಿವ, ವಿಷ್ಣು, ಇಂದ್ರ, ಬ್ರಹ್ಮರ ಮೂರ್ತಿಗಳು, ಜೊತೆಗೆ ದೊರೆಯ ಮುದ್ದಿನ ನಾಯಿ ತೊಂಗ್‌ದೇಂಗ್. ಮೇರುವಿನ ಮುಂದೆ ಭತ್ತದ ಗದ್ದೆ, ಅದರಲ್ಲಿ ಥಾಯ್ ಲಿಪಿಯ 9, ಪಕ್ಕದಲ್ಲಿ ಅವರ ನೀರಿನ ಯಂತ್ರ. 1795ರಲ್ಲಿ ಕಟ್ಟಿದ, ಸುಮಾರು 14 ಟನ್ ತೂಕದ ಮಹಾವಿಜಯ ರಾಜರಥವನ್ನು ಇನ್ನೂರಕ್ಕೂ ಹೆಚ್ಚು ಸೈನಿಕರು ಎಳೆದರು. ರಸ್ತೆಬದಿಯಲ್ಲಿ ಜಾಗ ಹಿಡಿಯಲು ಜನ ದಿನಗಟ್ಟಲೆ ಮೊದಲೇ ಬಂದು ಮಳೆಯಲ್ಲೇ ಮಲಗಿದ್ದರು. ಊರೂರಲ್ಲಿ ಕಟ್ಟಿದ 85 ಮಾದರಿ ಮೇರುಗಳಲ್ಲಿ ಉಳಿದವರು ಹೂ ಹಾಕಿದರು. ಆ ತಿಂಗಳಿಗೆ ಸರಿಯಾಗಿ ಅರಳಲೆಂದು ದೇಶದ ತುಂಬ ಚೆಂಡುಹೂವಿನ ಗಿಡ ನೆಟ್ಟಿದ್ದರು. ಕಪ್ಪು ಬಟ್ಟೆಯ ಜನರ ನಡುವೆ ಸೋಮವಾರದ ಹಳದಿ ಮರಳಿ ಬಂದದ್ದು ಹಾಗೆ. ರಾತ್ರಿ ನಿಜವಾದ ದಹನವನ್ನು ಟಿವಿಯಲ್ಲಿ ತೋರಿಸಲಿಲ್ಲ. ಕಾದಿದ್ದವರು ಮೇರುವಿನಿಂದೆದ್ದ ಹೊಗೆಯನ್ನು ನೋಡಿ ಕೈಮುಗಿದರು.

ಈ ಇಡೀ ವರ್ಷದ ವಿಧಿಗೆ ರಾಜಕೀಯದ ಕೆಲಸವೂ ಇತ್ತು. ದೊರೆ ಸತ್ತ ಕ್ಷಣವೇ ಮಗ ದೊರೆಯಾಗುವುದು ರೂಢಿ. ಆದರೆ ಯುವರಾಜ ವಜಿರಲೊಂಗ್‌ಕೋರ್ನ್ ಜನರೊಂದಿಗೆ ದುಃಖಿಸಲು ಸಮಯ ಬೇಕೆಂದರು. 96 ವರ್ಷದ ಪ್ರೇಮ್ ತಿನ್ಸುಲನೋಂದ ರಾಜಪ್ರತಿನಿಧಿಯಾದರು, ಡಿಸೆಂಬರ್ 1ರಂದು ಯುವರಾಜ ಪಟ್ಟ ಒಪ್ಪಿದರು, ಲೆಕ್ಕದಲ್ಲಿ ಮಾತ್ರ ಅಕ್ಟೋಬರ್ 13ರಿಂದಲೇ. ಮಗನಿಗೆ ತಂದೆಯಷ್ಟು ಜನಪ್ರೀತಿ ಇರಲಿಲ್ಲ. ಸೇನೆಯ ಸರ್ಕಾರವೂ ಚುನಾವಣೆಯನ್ನು ಮುಂದೂಡುತ್ತಲೇ ಇತ್ತು. ನಿಂತು ಯೋಚಿಸುವುದಕ್ಕಿಂತ ನಿಂತು ಅಳುವ ವರ್ಷ ಇಬ್ಬರಿಗೂ ಅನುಕೂಲವೇ ಆಗಿತ್ತು.

ತಡೆದ ಮಾತು ನಂತರ ಹೊರಬಂತು. 2020ರ ಆಗಸ್ಟ್ 10ರಂದು ಥಮ್ಮಸಾತ್ ವಿಶ್ವವಿದ್ಯಾಲಯದ ವೇದಿಕೆಯಿಂದ ವಿದ್ಯಾರ್ಥಿಗಳು ಅರಸೊತ್ತಿಗೆಯ ಸುಧಾರಣೆಗೆ ಹತ್ತು ಬೇಡಿಕೆಗಳನ್ನು ಓದಿದರು. 112ನೆಯ ಕಲಮಿನ ರದ್ದತಿ ಅದರಲ್ಲೊಂದು. ಸೆಪ್ಟೆಂಬರ್ 20ರಂದು ಅದೇ ಸನಾಮ್ ಲುವಾಂಗ್ ಬಯಲಿನ ನೆಲ ಅಗೆದು ಒಂದು ಹಿತ್ತಾಳೆಯ ಫಲಕ ಹೂಳಿದರು. ಈ ದೇಶ ಜನರದ್ದು ಎಂಬುದು ಅದರ ಮೇಲಿನ ಬರಹದ ಸಾರ. ಅವರಲ್ಲಿ ಬಹುಪಾಲು ಮಂದಿ ನಾಲ್ಕು ವರ್ಷದ ಹಿಂದೆ ಶಾಲೆಯ ಮಕ್ಕಳು, ದೊರೆಗಾಗಿ ಶಾಲೆಗಳಲ್ಲಿ ಶೋಕ ಆಚರಿಸಿದ ತಲೆಮಾರಿನವರು. ಫಲಕವನ್ನು 24 ಗಂಟೆಯೊಳಗೆ ಕಿತ್ತು ಸಿಮೆಂಟು ಮೆತ್ತಿದರು. ಮುಂದಿನ ವರ್ಷಗಳಲ್ಲಿ ಆ ಹುಡುಗ ಹುಡುಗಿಯರಲ್ಲಿ ಹಲವರು ಅದೇ 112ರ ಅಡಿಯಲ್ಲಿ ಜೈಲು ಸೇರಿದರು.

2025ರ ಅಕ್ಟೋಬರ್ 24ರಂದು ರಾಣಿ ಸಿರಿಕಿತ್ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸನಾಮ್ ಲುವಾಂಗಿನ ಸುತ್ತ ಮತ್ತೆ ಕಪ್ಪು ಬಟ್ಟೆಯ ಸಾಲು ನಿಂತಿತು. ಆ ಸಾಲಿನಲ್ಲಿ ನಿಂತವರ ಮುಖ ನೋಡಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನನ್ನಿಂದಾಗದು. ಅವರ ಕೈಯಲ್ಲಿ ಹೂ ಇತ್ತು.